ನಮ್ಮ ಊರಿನ ನೀರು: ಒಂದು ವರ್ಷದ ಲೆಕ್ಕ

(ಪುರಸಭೆಯ ನೂತನ ಅಧ್ಯಕ್ಷರು ತಮ್ಮ ಅಧಿಕಾರದ ಮೊದಲನೆಯ ವರ್ಷ ತೀರಿದ ಸಂದರ್ಭದಲ್ಲಿ, ಊರಿನ ವಾಚನಾಲಯದಲ್ಲಿ ಕೂಡಿದ ನಾಗರಿಕರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಒಂದು ವರ್ಷದ ಹಿಂದೆ ಇದೇ ವಾಚನಾಲಯದಲ್ಲಿ ತಾವು ನನ್ನ ಕೊರಳಿಗೆ ಹಾರ ಹಾಕಿದಿರಿ. ಆ ದಿನ ಮಾತು ಕೊಡುವುದು ಸುಲಭವಾಗಿತ್ತು. ಈ ದಿನ ಲೆಕ್ಕ ಕೊಡುವುದು ಅಷ್ಟು ಸುಲಭವಾದ ಕೆಲಸವಲ್ಲ. ಆದರೂ ಹಾರ ಹಾಕಿಸಿಕೊಂಡವನು ಲೆಕ್ಕ ಕೊಡಲೇಬೇಕು. ಪುರಸಭೆಯ ಕೆಲಸಗಳು ಅನೇಕ ಉಂಟು. ದೀಪ, ರಸ್ತೆ, ಗಟಾರ, ಸಂತೆ, ಕಸ ಎಲ್ಲವೂ ಅದರ ಪಾಲಿಗೆ ಬಂದಿವೆ. ಎಲ್ಲವನ್ನೂ ಹೇಳಹೋದರೆ ಒಂದನ್ನೂ ಸರಿಯಾಗಿ ಹೇಳಿದಂತಾಗದು. ಆದುದರಿಂದ ಈ ಹೊತ್ತು ನೀರಿನ ವಿಷಯವೊಂದನ್ನೇ ತಮ್ಮ ಮುಂದಿಡುತ್ತೇನೆ.

ನಮ್ಮ ದೇಶದಲ್ಲಿ ಸ್ಥಾನಿಕ ಸ್ವರಾಜ್ಯದ ಮಾತು ಇಂದು ನಿನ್ನೆಯದಲ್ಲ. 1882ರಲ್ಲಿ ಲಾರ್ಡ್ ರಿಪನ್ನರ ಸರಕಾರವು ಹೊರಡಿಸಿದ ಠರಾವಿನಲ್ಲಿ, ಜನರು ತಮ್ಮ ಊರಿನ ಕಾರಭಾರವನ್ನು ತಾವೇ ನೋಡಿಕೊಳ್ಳಲು ಕಲಿಯಲಿ ಎಂಬ ಉದ್ದೇಶವಿತ್ತು. ಸ್ವಾತಂತ್ರ್ಯ ಬಂದು ನಾಲ್ಕು ದಶಕಗಳು ಕಳೆದ ಮೇಲೆ, 1992ರಲ್ಲಿ, ಸಂವಿಧಾನದ 74ನೆಯ ತಿದ್ದುಪಡಿಯಾಯಿತು. ಅದರಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ಒಪ್ಪಿಸಬಹುದಾದ ಹದಿನೆಂಟು ಕಾರ್ಯಗಳನ್ನು ಎಣಿಸಿದ್ದಾರೆ. ನೀರು ಪೂರೈಕೆಯು ಅವುಗಳಲ್ಲಿ ಒಂದು. ಕಾಗದದ ಮೇಲೆ ಬರೆದ ಅಧಿಕಾರವು ನಿಜವಾದದ್ದೋ ಅಲ್ಲವೋ ಎಂಬುದನ್ನು ಪರೀಕ್ಷಿಸಬೇಕಾದರೆ ದಿಲ್ಲಿಗೆ ಹೋಗಬೇಕಾಗಿಲ್ಲ. ನಮ್ಮ ಊರಿನ ನಳದ ಬುಡದಲ್ಲಿ ಕೊಡ ಇಟ್ಟು ನಿಂತರೆ ಸಾಕು.

ನಾನು ಅಧಿಕಾರವನ್ನು ವಹಿಸಿಕೊಂಡ ಮೊದಲನೆಯ ವಾರದಲ್ಲಿ ಕಚೇರಿಯವರಿಗೆ ಮೂರು ಪ್ರಶ್ನೆ ಕೇಳಿದೆನು. ನದಿಯಿಂದ ದಿನಕ್ಕೆ ಎಷ್ಟು ನೀರು ಎತ್ತುತ್ತೇವೆ? ಅದರಲ್ಲಿ ಎಷ್ಟು ಮನೆ ಮುಟ್ಟುತ್ತದೆ? ಮುಟ್ಟಿದ್ದರಲ್ಲಿ ಎಷ್ಟಕ್ಕೆ ಹಣ ಬರುತ್ತದೆ? ಮೂರನೆಯ ಪ್ರಶ್ನೆಗೆ ಮಾತ್ರ ಪುಸ್ತಕದಲ್ಲಿ ಉತ್ತರವಿತ್ತು. ಮೊದಲನೆಯದಕ್ಕೆ ಪಂಪು ಎಷ್ಟು ತಾಸು ನಡೆಯಿತೆಂಬ ಅಂದಾಜನ್ನು ಹೇಳಿದರು. ಎರಡನೆಯದಕ್ಕೆ ಒಬ್ಬರ ಮುಖವನ್ನೊಬ್ಬರು ನೋಡಿದರು. ದಿನಸಿಯ ಅಂಗಡಿಯವನು ಎಷ್ಟು ಅಕ್ಕಿ ತಂದೆ, ಎಷ್ಟು ಮಾರಿದೆ ಎಂಬುದನ್ನು ತಿಳಿಯದೆ ಒಂದು ತಿಂಗಳು ವ್ಯಾಪಾರ ಮಾಡಲಾರನು. ಊರಿಗೆ ಊರೇ ಕುಡಿಯುವ ನೀರನ್ನು ನಾವು ಇಷ್ಟು ವರ್ಷ ಹಾಗೆ ನಡೆಯಿಸಿದ್ದೆವು. ಇದು ಹಿಂದಿನ ಅಧ್ಯಕ್ಷರ ಮೇಲೆ ಹೊರಿಸುವ ದೂರಲ್ಲ. ಅವರ ಕಾಲದಲ್ಲಿ ನಾನೂ ಇದೇ ಊರಿನಲ್ಲಿದ್ದೆನು, ನಾನೂ ಕೇಳಲಿಲ್ಲ.

ಲೆಕ್ಕ ಏತಕ್ಕೆ ಬೇಕೆಂಬುದನ್ನು ಒಂದು ಉದಾಹರಣೆಯಿಂದ ಹೇಳುವೆನು. ಹತ್ತು ಲಕ್ಷ ಲೀಟರು ನೀರನ್ನು ನೂರು ಮೀಟರು ಎತ್ತರಕ್ಕೆ ಏರಿಸಬೇಕಾದರೆ ಭೌತಶಾಸ್ತ್ರದ ಲೆಕ್ಕದಂತೆ ಸುಮಾರು 272 ಯೂನಿಟ್ ವಿದ್ಯುತ್ತು ಬೇಕು. ಅದು ಎಲ್ಲಿಯೂ ನಷ್ಟವಿಲ್ಲದ ಆದರ್ಶ ಯಂತ್ರದ ಮಾತು. ನಿಜವಾದ ಪಂಪು, ನಿಜವಾದ ಕೊಳವೆ ಇನ್ನೂ ಹೆಚ್ಚು ತಿನ್ನುತ್ತವೆ. ಹೀಗೆ ಎತ್ತಿ, ಶುದ್ಧ ಮಾಡಿ, ಟಾಕಿಗೆ ಏರಿಸಿದ ನೀರು ದಾರಿಯಲ್ಲಿ ಸೋರಿದರೆ ಹೋದದ್ದು ನೀರೊಂದೇ ಅಲ್ಲ. ವಿದ್ಯುತ್ತು, ಔಷಧಿ, ಆಳುಗಳ ದುಡಿಮೆ ಎಲ್ಲವೂ ಅದರೊಡನೆ ಮಣ್ಣುಪಾಲಾಗುತ್ತವೆ. ನಿಮಿಷಕ್ಕೆ ಒಂದೇ ಲೀಟರು ಸೋರುವ ಬಿರುಕನ್ನು ಯಾರೂ ದೊಡ್ಡದೆಂದು ಎಣಿಸುವುದಿಲ್ಲ. ಆದರೆ ಕೊಳವೆಯಲ್ಲಿ ದಿನವಿಡೀ ನೀರಿದ್ದರೆ ಅದು 1,440 ಲೀಟರಾಗುತ್ತದೆ. ಒಳಚರಂಡಿಯುಳ್ಳ ಪಟ್ಟಣದಲ್ಲಿ ಒಬ್ಬನಿಗೆ ದಿನಕ್ಕೆ 135 ಲೀಟರು ಬೇಕೆಂಬುದು ಸರಕಾರದ ಪ್ರಮಾಣ. ಅಂದಮೇಲೆ ಆ ಒಂದು ಬಿರುಕು ಹತ್ತು ಜನರ ಪಾಲಿನ ನೀರನ್ನು ಕುಡಿಯುತ್ತದೆ. ಶಿಕ್ಷಕರು ಈ ಲೆಕ್ಕವನ್ನು ಐದನೆಯ ಇಯತ್ತೆಯ ಹುಡುಗರಿಂದ ಮಾಡಿಸಬಹುದು.

ಆದುದರಿಂದ ಈ ವರ್ಷ ನಾವು ಮೊದಲು ಮಾಡಿದ ಕೆಲಸವು ಹೊಸ ಟಾಕಿ ಕಟ್ಟಿದ್ದಲ್ಲ, ಹಳೆಯ ಟಾಕಿಯ ಬಾಯಿಗೆ ಅಳತೆಯ ಮೀಟರು ಕೂಡಿಸಿದ್ದು. ಅದಕ್ಕೆ ಶಂಕುಸ್ಥಾಪನೆಯಿಲ್ಲ, ಉದ್ಘಾಟನೆಯಿಲ್ಲ, ಭಾವಚಿತ್ರವಿಲ್ಲ. ಆಮೇಲೆ ಒಂದು ರಾತ್ರಿ, ಊರೆಲ್ಲ ಮಲಗಿದ ಮೇಲೆ, ಒಂದೇ ಓಣಿಯ ಕೊಳವೆಗೆ ನೀರು ಬಿಟ್ಟು, ಮನೆಮನೆಯ ನಳಗಳನ್ನು ಮೊದಲೇ ಮುಚ್ಚಿಸಿ, ಟಾಕಿಯ ನೀರಿನ ಮಟ್ಟವನ್ನು ನೋಡುತ್ತ ಕುಳಿತೆವು. ಒಬ್ಬರೂ ಕೊಡ ತುಂಬುತ್ತಿರಲಿಲ್ಲ. ಆದರೂ ಮಟ್ಟವು ಇಳಿಯುತ್ತಲೇ ಹೋಯಿತು. ನಮ್ಮ ಹಿರಿಯ ವಾಟರ್‌ಮನ್ನನು ಕಬ್ಬಿಣದ ಸರಳೊಂದನ್ನು ಕೊಳವೆಯ ಮೇಲೆ ಊರಿ, ಅದರ ಇನ್ನೊಂದು ತುದಿಗೆ ಕಿವಿ ಹಚ್ಚಿ, ವೈದ್ಯನು ರೋಗಿಯ ಎದೆಬಡಿತವನ್ನು ಕೇಳುವಂತೆ ಕೇಳುತ್ತ ನಡೆದನು. ಆತನು "ಇಲ್ಲಿ ಅಗೆಯಿರಿ" ಎಂದಲ್ಲಿ ಅಗೆದರೆ ನೀರು ಸಿಕ್ಕಿತು.

ಮಹಾಶಯರೇ, ಆ ರಾತ್ರಿ ನಾನು ಎರಡು ಸಂಗತಿಗಳನ್ನು ತಿಳಿದುಕೊಂಡೆನು. ನಮ್ಮ ಊರಿನ ಕೊಳವೆಗಳ ನಕ್ಷೆ ಕಚೇರಿಯ ಕಪಾಟಿನಲ್ಲಿಲ್ಲ, ಆ ಮನುಷ್ಯನ ತಲೆಯಲ್ಲಿದೆ ಎಂಬುದೊಂದು. ಆ ಮನುಷ್ಯನಿಗೆ ಸಂಬಳವು ತಿಂಗಳುಗಟ್ಟಲೆ ತಡವಾಗಿ ಮುಟ್ಟುತ್ತಿದೆ ಎಂಬುದಿನ್ನೊಂದು. ಆತನು ಮುನಿದು ಒಂದು ವಾರ ಮನೆಯಲ್ಲಿ ಕುಳಿತಿದ್ದರೆ ಊರು ಒಣಗುತ್ತಿತ್ತು. ಆದರೆ ಆತನು ಕುಳಿತಿರಲಿಲ್ಲ. ಈ ವರ್ಷ ನೀರಿನ ವಿಭಾಗದ ಆಳುಗಳಿಗೆ ಸಂಬಳವು ಗೊತ್ತಾದ ತಾರೀಖಿಗೆ ಮುಟ್ಟುವಂತೆ ಮಾಡಿದ್ದೇವೆ. ಆತನ ತಲೆಯಲ್ಲಿದ್ದ ನಕ್ಷೆಯನ್ನು ನಮ್ಮ ಹೈಸ್ಕೂಲಿನ ಚಿತ್ರಕಲೆಯ ಶಿಕ್ಷಕರು ಆತನ ಬದಿಯಲ್ಲಿ ಕುಳಿತು ಕಾಗದಕ್ಕೆ ಇಳಿಸಿದ್ದಾರೆ. ಈ ವರ್ಷದ ಪ್ರಗತಿಯಲ್ಲಿ ನಾನು ಈ ಎರಡನ್ನು ಮೊದಲು ಎಣಿಸುತ್ತೇನೆ.

ಇನ್ನು ನನ್ನ ಮಾತನ್ನೇ ಹೇಳಬೇಕು. ಊರಿನ ಕಡೆಯ ಓಣಿಗೆ ಎಂಟು ದಿನಕ್ಕೊಮ್ಮೆ, ಅದೂ ಸರಿರಾತ್ರಿಯಲ್ಲಿ, ನೀರು ಬರುತ್ತಿತ್ತು. ಅಲ್ಲಿಗೆ ಹೋದಾಗ ಕೂಲಿ ಮಾಡಿ ಬದುಕುವ ಒಬ್ಬ ಮುದುಕಿ ನನಗೆ ಹೀಗೆಂದಳು: "ಯಪ್ಪಾ, ನೀರು ಬರೂ ದಿನ ಕಾದು ಕುಂತು ನನ್ನ ಕೂಲಿ ಹೋಗತೈತಿ. ನೀರೂ ಬರಲಿಲ್ಲಂದ್ರ ಎರಡೂ ಹೋಗತಾವ." ನಾನು ಕಚೇರಿಗೆ ಬಂದು, ಮುಖ್ಯ ಕೊಳವೆಗೆ ನೇರವಾಗಿ ಮೋಟಾರು ಹಚ್ಚಿ ನೀರು ಎಳೆಯುವವರ ಯಾದಿಯನ್ನು ಮಾಡಿರೆಂದು ಆಜ್ಞೆ ಕೊಟ್ಟೆನು. ರಾತ್ರಿ ಊಟಕ್ಕೆ ಕುಳಿತಾಗ ಈ ಸಂಗತಿಯನ್ನು ಮನೆಯಲ್ಲಿ ಅಭಿಮಾನದಿಂದ ಹೇಳಿದೆನು. ನನ್ನ ಹೆಂಡತಿ ಅನ್ನ ಬಡಿಸುತ್ತ, "ಊರವರ ಮೋಟಾರು ಕೀಳಿಸುವ ಮುಂಚೆ ನಮ್ಮದನ್ನು ಕೀಳಿಸಿರಿ" ಎಂದಳು.

ಹೌದು, ನಮ್ಮ ಮನೆಯಲ್ಲಿಯೂ ಮೋಟಾರು ಇತ್ತು. ಎಷ್ಟೋ ವರ್ಷಗಳಿಂದ ಇತ್ತು. ನಮ್ಮ ತೊಟ್ಟಿ ಬೇಗ ತುಂಬುತ್ತದೆಂದು ನಾವು ಸಂತೋಷಪಡುತ್ತಿದ್ದೆವು; ಆ ನೀರು ಯಾರ ಕೊಡದಿಂದ ಬಂತೆಂದು ಕೇಳಿರಲಿಲ್ಲ. ಕೊಳವೆಯೊಳಗಿನ ಒತ್ತಡವನ್ನು ಮೊದಲಿನ ಮನೆಗಳು ಎಳೆದುಕೊಂಡರೆ ತುದಿಯ ಮನೆಗೆ ಉಳಿಯುವುದು ಗಾಳಿ ಮಾತ್ರ. ಮರುದಿನ ಬೆಳಗಿನಲ್ಲಿ ಬೀದಿಯ ಜನರು ನೋಡುತ್ತಿರುವಾಗಲೇ ಅದನ್ನು ಕೀಳಿಸಿದೆನು. ನಾಚಿಕೆಯಾಯಿತು, ಆದರೆ ಅದಾದ ಮೇಲೆ ನಮ್ಮ ಆಳುಗಳು ಇತರರ ಮನೆಯ ಬಾಗಿಲಿಗೆ ಹೋದಾಗ ಅವರ ಬಾಯಿಗೆ ಬಲ ಬಂತು. ಕೆಲವರು ತಾವಾಗಿಯೇ ತೆಗೆದರು. ಕೆಲವರ ಜೋಡಣೆಯನ್ನು ನಾವು ಕತ್ತರಿಸಬೇಕಾಯಿತು. ಕೆಲವರು ಇನ್ನೂ ಕದ್ದು ಎಳೆಯುತ್ತಿದ್ದಾರೆ. ಕಡೆಯ ಓಣಿಗೆ ಈಗ ನಾಲ್ಕು ದಿನಕ್ಕೊಮ್ಮೆ, ಹಗಲು ಹೊತ್ತಿನಲ್ಲಿ, ಮೊದಲೇ ಸಾರಿದ ವೇಳೆಗೆ ನೀರು ಬರುತ್ತದೆ. ನಾಲ್ಕು ದಿನವೆಂಬುದು ಹೆಮ್ಮೆಪಡತಕ್ಕ ಸಂಖ್ಯೆಯಲ್ಲ. ಎಂಟು ನಾಲ್ಕಾಯಿತೆಂಬುದಷ್ಟೇ ಸಮಾಧಾನ. ಆ ಮುದುಕಿಯ ಕೂಲಿ ತಪ್ಪುವುದಿಲ್ಲವೆಂಬುದು ನಿಜವಾದ ಸಂತೋಷ.

ನೀರು ನಿಂತು ನಿಂತು ಬರುವುದರಿಂದ ಆಗುವ ಕೇಡು ಅನಾನುಕೂಲವೊಂದೇ ಅಲ್ಲ. ಆರೋಗ್ಯಕ್ಕೂ ಅದು ಕೇಡು. ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉದಾಹರಣೆಯುಂಟು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಭಾಗಗಳಲ್ಲಿ 2008ರ ಸುಮಾರಿಗೆ, ವಿಶ್ವಬ್ಯಾಂಕಿನ ಸಾಲದ ನೆರವಿನಿಂದ, ಹಗಲಿರುಳು ನೀರು ಕೊಡುವ ಪ್ರಯೋಗವು ನಡೆಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ಎರಡೂ ಬಗೆಯ ಓಣಿಗಳ ನಳದ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಎಂಬ ಸೂಕ್ಷ್ಮಜೀವಿಯು, ಬಿಟ್ಟುಬಿಟ್ಟು ನೀರು ಬರುವ ಕಡೆಯಲ್ಲಿ ನೂರು ಮಾದರಿಗಳಿಗೆ ಸುಮಾರು 32ರಲ್ಲಿ ಸಿಕ್ಕಿತು. ಸತತವಾಗಿ ನೀರಿರುವ ಕಡೆಯಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಕಾರಣವು ಸರಳವಾಗಿದೆ. ತುಂಬಿದ ಕೊಳವೆಯ ಬಿರುಕಿನಿಂದ ನೀರು ಹೊರಕ್ಕೆ ಹೋಗುತ್ತದೆ. ಬರಿದಾದ ಕೊಳವೆಯ ಬಿರುಕಿನಿಂದ ಗಟಾರದ ಹೊಲಸು ಒಳಕ್ಕೆ ಬರುತ್ತದೆ. ಮೋಟಾರು ಹಚ್ಚಿ ಎಳೆದರೆ ಅದು ಇನ್ನೂ ಬೇಗ ಬರುತ್ತದೆ. ನಮ್ಮ ಮೋಟಾರು ನೆರೆಯವರ ನೀರನ್ನು ಮಾತ್ರವೇ ಅಲ್ಲ, ಗಟಾರದ ನೀರನ್ನೂ ನಮ್ಮ ತೊಟ್ಟಿಗೆ ಎಳೆಯಬಲ್ಲದು.

ಸತತ ನೀರು ಕೊಡುವ ಶಕ್ತಿ ನಮ್ಮ ಪುರಸಭೆಗೆ ಇನ್ನೂ ಬಂದಿಲ್ಲ. ಆದರೆ ಬಂದ ನೀರು ನಿರ್ದೋಷವಾಗಿದೆಯೇ ಎಂಬುದನ್ನು ನೋಡುವ ಶಕ್ತಿ ಈ ಸಭೆಗೆ ಉಂಟು. ಕ್ಲೋರಿನ್ ಹಾಕಿದ ನೀರು ನಳಕ್ಕೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಶುದ್ಧೀಕರಣದ ಘಟಕದಲ್ಲಿ ಅದು ಇದ್ದರೆ ಸಾಲದು. ಕಡೆಯ ಓಣಿಯಲ್ಲಿಯೂ ಇರಬೇಕು. ಈ ವರ್ಷ ಶಾಲೆಗಳ ವಿಜ್ಞಾನದ ಶಿಕ್ಷಕರಿಗೆ ಪರೀಕ್ಷೆಯ ಪೆಟ್ಟಿಗೆಗಳನ್ನು ಕೊಟ್ಟಿದ್ದೇವೆ. ನೀರು ಬಂದ ದಿನ ಮಕ್ಕಳು ತಮ್ಮ ತಮ್ಮ ಓಣಿಯ ನೀರನ್ನು ಸೀಸೆಯಲ್ಲಿ ಹಿಡಿದುಕೊಂಡು ಬರುತ್ತಾರೆ. ಔಷಧಿ ಹಾಕಿ ಬಣ್ಣವನ್ನು ನೋಡುತ್ತಾರೆ. ಫಲವನ್ನು ಶಾಲೆಯ ಗೋಡೆಯ ಮೇಲಿನ ಹಲಗೆಗೆ ಬರೆಯುತ್ತಾರೆ. ಒಂದು ದಿನ ಬಣ್ಣವೇ ಬಾರದ ಓಣಿಯೊಂದನ್ನು ಮೊದಲು ಕಂಡುಹಿಡಿದವರು ನಮ್ಮ ನೌಕರರಲ್ಲ, ಮಕ್ಕಳು. ಅದೇ ವಾರ ಆ ಓಣಿಯಲ್ಲಿ ಗಟಾರದೊಳಗಿಂದ ಹಾಯ್ದುಹೋಗಿದ್ದ ತುಕ್ಕು ಹಿಡಿದ ಕೊಳವೆಯನ್ನು ಬದಲಿಸಿದೆವು. ನಾಗರಿಕತ್ವವನ್ನು ಪುಸ್ತಕದಿಂದ ಓದಿಸುವುದೂ ಬೇಕು. ಆದರೆ ಈ ಸೀಸೆಯ ಪಾಠವು ಆ ಮಕ್ಕಳಿಗೆ ಮರೆಯದು.

"ಇಷ್ಟೆಲ್ಲ ಏಕೆ? ದೊಡ್ಡ ಯೋಜನೆಯೊಂದನ್ನು ತಂದು ಇನ್ನೊಂದು ನದಿಯ ನೀರನ್ನು ತರಬಾರದೇ?" ಎಂದು ಕೆಲವು ಮಿತ್ರರು ಕೇಳುತ್ತಾರೆ. ಬೇಕಾದಲ್ಲಿ ಅದನ್ನೂ ಮಾಡೋಣ. ಆದರೆ ಬೆಂಗಳೂರಿನ ಕಥೆಯನ್ನು ಅವರು ಒಮ್ಮೆ ನೆನೆಯಲಿ. ಕೆರೆಗಳ ನೀರಿನಿಂದ ಬಾಳಿದ ಆ ಊರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ತಂದರು. ಅದೂ ಸಾಲದೆ 1974ರಲ್ಲಿ ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯನ್ನು ತಂದರು. ಮುಂದೆ ಒಂದೊಂದಾಗಿ ಇನ್ನೂ ಹಂತಗಳನ್ನು ಕಟ್ಟಿದರು. ನಡುವೆ ಧರ್ಮಾಂಬುಧಿ ಕೆರೆಯು ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ನೆಲದಲ್ಲಿ ಕ್ರೀಡಾಂಗಣವೆದ್ದಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಅಲ್ಲಿಯ ಜನರು ಟ್ಯಾಂಕರುಗಳ ದಾರಿ ಕಾದರು. ಕುಡಿಯುವ ನೀರಿನಿಂದ ಕಾರು ತೊಳೆದರೆ ದಂಡ ವಿಧಿಸಬೇಕಾಯಿತು. ಅದೇ ವರ್ಷದ ಅಕ್ಟೋಬರದಲ್ಲಿ ಕಾವೇರಿಯ ಐದನೆಯ ಹಂತವು ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರು ಕೊಡತಕ್ಕ ಯೋಜನೆ ಅದು. ಅದನ್ನು ಕಟ್ಟಿದವರ ಪರಿಶ್ರಮಕ್ಕೆ ನನ್ನ ನಮಸ್ಕಾರ. ಆದರೆ ದೂರದ ನದಿಯ ಕಡೆಗೆ ಕೈ ಚಾಚುವ ಊರು ಮೊದಲು ತನ್ನ ಕೆರೆಯನ್ನೂ ತನ್ನ ಕೊಳವೆಯನ್ನೂ ನೋಡಿಕೊಳ್ಳಬೇಕೆಂಬುದೇ ಈ ಕಥೆಯಿಂದ ನಾನು ಕಲಿತ ಪಾಠ. ತೂತು ಕೊಡಕ್ಕೆ ಎಷ್ಟು ನೀರು ಸುರಿದರೇನು?

ಇನ್ನು ಆಗದೆ ಉಳಿದದ್ದನ್ನು ಮುಚ್ಚದೆ ಹೇಳುವೆನು. ಕೇಂದ್ರದ ನಗರಾಭಿವೃದ್ಧಿ ಇಲಾಖೆಯು 2008ರಲ್ಲಿ ಊರಿನ ನೀರಿನ ವ್ಯವಸ್ಥೆಗೆ ಕೆಲವು ಗುರಿಗಳನ್ನು ಗೊತ್ತು ಮಾಡಿತು: ಪ್ರತಿಯೊಂದು ಮನೆಗೂ ನಳ, ಒಬ್ಬೊಬ್ಬರಿಗೆ ದಿನಕ್ಕೆ 135 ಲೀಟರು, 24 ತಾಸು ನೀರು, ಎಲ್ಲ ಜೋಡಣೆಗಳಿಗೂ ಮೀಟರು, ಲೆಕ್ಕಕ್ಕೆ ಸಿಕ್ಕದೆ ಹೋಗುವ ನೀರು ನೂರಕ್ಕೆ 20ರಷ್ಟಕ್ಕೆ ಮೀರದಿರುವುದು, ನಡೆಯಿಸುವ ವೆಚ್ಚವೆಲ್ಲ ನೀರಿನ ಪಟ್ಟಿಯಿಂದಲೇ ಹುಟ್ಟುವುದು. ಈ ಆರರಲ್ಲಿ ಒಂದನ್ನಾದರೂ ನಾವು ಮುಟ್ಟಿದ್ದೇವೆಂದು ಹೇಳಲು ನನಗೆ ಬಾಯಿ ಬಾರದು. ಎಷ್ಟು ದೂರ ಉಳಿದಿದ್ದೇವೆಂಬುದು ಈಗ ನಮಗೆ ಗೊತ್ತಿದೆ. ಹೋದ ವರ್ಷ ಅದೂ ಗೊತ್ತಿರಲಿಲ್ಲ. ಪ್ರತಿ ತಿಂಗಳು ಎತ್ತಿದ ನೀರು, ಮುಟ್ಟಿದ ನೀರು, ಬಂದ ಹಣ, ಬಾಕಿ ಉಳಿದ ಹಣ ಇವಿಷ್ಟನ್ನು ಬರೆದು ಇದೇ ವಾಚನಾಲಯದ ಬಾಗಿಲಿಗೆ ಅಂಟಿಸುವ ಪದ್ಧತಿಯನ್ನು ಇಟ್ಟಿದ್ದೇವೆ. ನಾನು ಈ ಸ್ಥಾನದಿಂದ ಇಳಿದ ಮೇಲೆಯೂ ಅದು ನಿಲ್ಲದಂತೆ ನೋಡಿಕೊಳ್ಳುವುದು ತಮ್ಮ ಕೆಲಸ. ಒಂದು ತಿಂಗಳು ಕಾಗದವು ಕಾಣದಿದ್ದರೆ ಬಂದು ಕೇಳಿರಿ.

ನೀರಿನ ಪಟ್ಟಿಯ ಮಾತನ್ನು ಆಡದಿದ್ದರೆ ನಾನು ಜನಪ್ರಿಯನಾಗಬಹುದು, ಪ್ರಾಮಾಣಿಕನಾಗಲಾರೆನು. "ನೀರು ದೇವರು ಕೊಟ್ಟದ್ದು, ಅದಕ್ಕೇಕೆ ದುಡ್ಡು?" ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ನದಿಯನ್ನು ದೇವರು ಕೊಟ್ಟನು, ಕೊಳವೆಯನ್ನು ಕೊಡಲಿಲ್ಲ. ಪುರಸಭೆಯ ನೀರು ಬಾರದ ಓಣಿಯ ಬಡವನು ಟ್ಯಾಂಕರಿನವನಿಗೆ ಕೊಡಕ್ಕಿಷ್ಟೆಂದು ಕೊಟ್ಟು ಕೊಳ್ಳುತ್ತಾನೆ. ಹಾಗೆ ನೋಡಿದರೆ ಊರಿನಲ್ಲಿ ನೀರಿಗೆ ಎಲ್ಲರಿಗಿಂತ ಹೆಚ್ಚಿನ ಬೆಲೆ ತೆರುವವನು ಅವನೇ. ದೊಡ್ಡ ಮನೆಗಳ ಬಾಕಿಯು ವರ್ಷಾನುಗಟ್ಟಲೆ ಉಳಿದರೆ ಅದರ ಭಾರವು ಸುತ್ತಿ ಬಳಸಿ ಅವನ ತಲೆಯ ಮೇಲೆಯೇ ಬೀಳುತ್ತದೆ. ಈ ವರ್ಷ ಬಾಕಿದಾರರ ಯಾದಿಯನ್ನು ಮೇಲಿನಿಂದ ಕೆಳಕ್ಕೆ, ಅಂದರೆ ದೊಡ್ಡ ಮೊತ್ತದಿಂದ ಸಣ್ಣ ಮೊತ್ತಕ್ಕೆ, ವಸೂಲು ಮಾಡುತ್ತ ಬಂದಿದ್ದೇವೆ. ಇದರಿಂದ ನನಗೆ ಕೆಲವರ ಸ್ನೇಹವು ತಪ್ಪಿತು. ಬಂದ ಹಣದಿಂದ ಕಡೆಯ ಓಣಿಯ ಕೊಳವೆ ಬಂತು.

ಶಿಕ್ಷಕ ಬಂಧುಗಳೇ, ಕಡೆಯದಾಗಿ ತಮ್ಮಲ್ಲಿ ಒಂದು ಅರಿಕೆ. ಮುಂದಿನ ವರ್ಷ ಇದೇ ದಿನ ನಾನು ಇಲ್ಲಿಗೆ ಬಂದಾಗ ಹಾರವನ್ನು ತರಬೇಡಿರಿ. ಬಾಗಿಲಿಗೆ ಅಂಟಿಸಿದ ಹನ್ನೆರಡು ತಿಂಗಳ ಹನ್ನೆರಡು ಕಾಗದಗಳನ್ನು ಕೈಯಲ್ಲಿ ಹಿಡಿದುಕೊಂಡು ಬನ್ನಿರಿ. ತಮ್ಮ ಜೊತೆಗೆ ಕಡೆಯ ಓಣಿಯವರೊಬ್ಬರನ್ನು ಕರೆತನ್ನಿರಿ. ಮೊದಲನೆಯ ಪ್ರಶ್ನೆಯನ್ನು ಅವರೇ ಕೇಳಲಿ. ಟಾಕಿಯ ಬುಡದ ಮನೆಯಲ್ಲಿ ನೀರು ಹೇಗೆ ಬರುತ್ತದೆಂಬುದನ್ನು ನೋಡಿ ಊರಿನ ಪ್ರಗತಿಯನ್ನು ಅಳೆಯಬಾರದು. ಕೊಳವೆಯ ತುದಿಯ ಮನೆಯಲ್ಲಿ ಎಷ್ಟು ಕೊಡ ತುಂಬಿತೆಂಬುದನ್ನು ನೋಡಿ ಅಳೆಯಬೇಕು. ಆ ಅಳತೆಗೆ ನಾನು ಒಳಪಟ್ಟಿದ್ದೇನೆ. ನನ್ನ ಮುಂದೆ ಬರುವವರೂ ಒಳಪಡುವಂತೆ ತಾವು ಎಚ್ಚರವಾಗಿರಬೇಕೆಂದು ಬೇಡಿಕೊಳ್ಳುತ್ತೇನೆ.